ಮೆಟ್ರೊ ರೈಲು ಕುಗ್ಗಿಸಿದ್ದು, ಗ್ರಾಫ್ ಹಾಳೆಯ ಮೇಲೆ

ಮಲ್ಲೇಶ್ವರದಲ್ಲಿ ಡಿಗ್ರಿ ಮಕ್ಕಳಿಗೆ ಫಿಸಿಕ್ಸ್ ಪಾಠ ಹೇಳುತ್ತೇನೆ. ವೇಗವಾಗಿ ಓಡುವ ವಸ್ತು ಉದ್ದದಲ್ಲಿ ಕುಗ್ಗುತ್ತದೆ ಎನ್ನುವ ಐನ್‌ಸ್ಟೈನರ ಸಾಪೇಕ್ಷತೆಯ ಸೂತ್ರ ಎಲ್ಲರಿಗೂ ಬಾಯಿಪಾಠ. ಆದರೆ ನಿಂತವರಿಗೆ ರೈಲು ಕುಗ್ಗುತ್ತದೆ, ರೈಲಿನವರಿಗೆ ಪ್ಲಾಟ್‌ಫಾರ್ಮ್ ಕುಗ್ಗುತ್ತದೆ, ಎರಡೂ ಹೇಗೆ ನಿಜ ಎಂದರೆ ಮಾತಿಲ್ಲ.

ಅದಕ್ಕೇ ನಮ್ಮ ಮೆಟ್ರೊ ಹಿಡಿಯುತ್ತೇನೆ. ಆರು ಬೋಗಿ, ಲೆಕ್ಕಕ್ಕೆ 130 ಮೀಟರ್. ಗಂಟೆಗೆ 80 ಕಿ.ಮೀ. ಓಡಿದರೆ ಅದು ಕುಗ್ಗುವುದು ಒಂದು ಪರಮಾಣುವಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಹಾಗಾಗಿ ವೇಗವನ್ನು ಬೆಳಕಿನ ವೇಗದ 0.6 ಪಟ್ಟಿಗೆ ಏರಿಸುತ್ತೇವೆ. ಗಾಮಾ, ಅಂದರೆ ಉದ್ದವನ್ನು ಭಾಗಿಸಬೇಕಾದ ಸಂಖ್ಯೆ, ಸರಿಯಾಗಿ 1.25 ಬರುತ್ತದೆ, ಕ್ಯಾಲ್ಕುಲೇಟರ್ ಬೇಡ. ರೈಲು 104 ಮೀಟರ್ ಆಯಿತು. ನಿಂತವರ ಅಳತೆಯಲ್ಲಿ ಪ್ಲಾಟ್‌ಫಾರ್ಮೂ 104 ಮೀಟರೇ ಇರಲಿ.

ಈಗ ಗ್ರಾಫ್. ಅಡ್ಡಕ್ಕೆ ದೂರ, ಮೇಲಕ್ಕೆ ಕಾಲ. ಬೆಳಕು ಒಂದು ಮೀಟರ್ ಸಾಗುವ ಹೊತ್ತೇ ಕಾಲದ ಒಂದು ಚೌಕ. ಪ್ಲಾಟ್‌ಫಾರ್ಮಿನ ತುದಿಗಳಿಗೆ ಎರಡು ನೆಟ್ಟನೆ ಗೆರೆ, ರೈಲಿನ ಮೂತಿಗೂ ಬಾಲಕ್ಕೂ ಎರಡು ಓರೆ ಗೆರೆ. ಸ್ಕೇಲನ್ನು ಅಡ್ಡಡ್ಡ ಇಟ್ಟರೆ ಪ್ಲಾಟ್‌ಫಾರ್ಮಿನವರ 'ಈಗ': ಮೂತಿ ಆ ತುದಿಯಲ್ಲಿ, ಬಾಲ ಈ ತುದಿಯಲ್ಲಿ, ಒಂದೇ ಹೊತ್ತಿಗೆ. ರೈಲಿನವರ 'ಈಗ' ಮಾತ್ರ ಓರೆ: ಹತ್ತು ಚೌಕ ಮುಂದಕ್ಕೆ ಹೋದರೆ ಆರು ಮೇಲಕ್ಕೆ. ಮೂತಿ ಆ ತುದಿ ಮುಟ್ಟಿದ ಬಿಂದುವಿನ ಮೇಲೆ ಸ್ಕೇಲನ್ನು ಹಾಗೆ ಓರೆಯಾಗಿ ಇಟ್ಟರೆ ಬಾಲ ಇನ್ನೂ ಹೊರಗೇ ಇರುತ್ತದೆ! ರೈಲಿನವರಿಗೆ ಪ್ಲಾಟ್‌ಫಾರ್ಮ್ 83.2 ಮೀಟರ್, ಹೊರಗುಳಿದದ್ದು 46.8. ಅವರ ಗಡಿಯಾರದಲ್ಲಿ ಬಾಲ ಒಳಬರುವುದು 260 ನ್ಯಾನೊಸೆಕೆಂಡ್ ತಡವಾಗಿ. ಜಗಳವೆಲ್ಲ ಯಾವುದು 'ಒಂದೇ ಹೊತ್ತು' ಎಂಬುದರದ್ದು, ಅಲ್ವಾ?

ಓರೆ ಗೆರೆಯ ಮೇಲೆ ಸೆಂಟಿಮೀಟರ್ ಎಣಿಸಲು ಮಾತ್ರ ಬಿಡಬೇಡಿ. ಅಲ್ಲಿನ ಒಂದು ಮೀಟರ್ ಕಾಗದದ ಮೇಲೆ ಜಾಸ್ತಿ ಉದ್ದ ಕಾಣುತ್ತದೆ. ಇನ್ನೊಂದು, ಫೋಟೊ ತೆಗೆದರೆ ರೈಲು ಚಪ್ಪಟೆ ಕಾಣುತ್ತದಾ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಬೇರೆ ಬೇರೆ ಭಾಗದ ಬೆಳಕು ಬೇರೆ ಬೇರೆ ಹೊತ್ತಿಗೆ ಹೊರಟಿರುತ್ತದೆ, ಹಾಗಾಗಿ ಕಣ್ಣಿಗೆ ಕಾಣುವುದೇ ಬೇರೆ. 1959ರಲ್ಲಿ ಟೆರೆಲ್ ಮತ್ತು ಪೆನ್‌ರೋಸ್ ಎಂಬ ವಿಜ್ಞಾನಿಗಳು ಇದನ್ನು ಬಿಡಿಸಿ ತೋರಿಸಿದರು. ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುತ್ತೇನೆ.

ಇಷ್ಟಾದರೂ 'ಸುಮ್ನೆ ಲೆಕ್ಕದ ಆಟ' ಎನ್ನುವವರಿಗೆ ಮ್ಯೂಯಾನ್ ಕೊಡುತ್ತೇನೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಂದ ಮೇಲೆ ಗಾಳಿಯಲ್ಲಿ ಹುಟ್ಟುವ ಕಣ ಅದು. ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡ್, ಅಂದರೆ ಬೆಳಕಿನ ವೇಗದಲ್ಲೂ 660 ಮೀಟರಿನ ದಾರಿ. ವೇಗವಾಗಿ ಓಡುವ ಇಂಥ ಕಣದ ಆಯಸ್ಸು ನಮ್ಮ ಗಡಿಯಾರದಲ್ಲಿ ಹಿಗ್ಗುವುದರಿಂದ ಐನ್‌ಸ್ಟೈನರನ್ನು ಪರೀಕ್ಷಿಸಬಹುದು ಎಂದು ಹೋಮಿ ಭಾಭಾ 1938ರಲ್ಲೇ ಬರೆದಿದ್ದರು. ಆಮೇಲೆ ಅವರು ಕಾಸ್ಮಿಕ್ ಕಿರಣಗಳ ಕೆಲಸ ಮುಂದುವರಿಸಿದ್ದು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಬೆಂಗಳೂರಿನ ಐಐಎಸ್‌ಸಿಯಲ್ಲಿ. ನಮಗೆ ಹಿಗ್ಗಿದ ಆಯಸ್ಸು ಮ್ಯೂಯಾನಿನ ಕಡೆಯಿಂದ ಕುಗ್ಗಿದ ದಾರಿ: ಗಾಮಾ 10 ಇರುವ ಮ್ಯೂಯಾನಿಗೆ ನಮ್ಮ 10 ಕಿ.ಮೀ. ಗಾಳಿ ಒಂದೇ ಕಿ.ಮೀ. ದಾರಿಯಲ್ಲಿ ಕಳೆದುಕೊಳ್ಳುವ ಶಕ್ತಿಯನ್ನು ಬಿಟ್ಟು ಲೆಕ್ಕ ಹಾಕಿದರೆ ಸುಮಾರು ಐದರಲ್ಲಿ ಒಂದು ನೆಲ ಮುಟ್ಟುತ್ತದೆ. ಕುಗ್ಗದೇ ಇದ್ದಿದ್ದರೆ ಕೋಟಿಗೆ ಎರಡೋ ಮೂರೋ.