ಲಕ್ವಾ ಹೊಡೆದವರ ಪಗಾರದ ಅರ್ಜಿ ತಿರಸ್ಕಾರವಾಯಿತೇ? ಮೇಲ್ಮನವಿ ಹೀಗೆ ಹಾಕಿ

ಹುಬ್ಬಳ್ಳಿಯ ಮಿನಿ ವಿಧಾನಸೌಧವಿರಲಿ, ರೋಣ ಅಥವಾ ಶಿಗ್ಗಾವಿಯ ತಾಲ್ಲೂಕು ಕಚೇರಿಯಿರಲಿ, ಲಕ್ವಾ (ಪಾರ್ಶ್ವವಾಯು) ಹೊಡೆದವರ ಅಂಗವಿಕಲ ಮಾಸಾಶನದ, ಅಂದರೆ ಪಗಾರದ, ಅರ್ಜಿಗೆ ಕೌಂಟರಿನ ಆಚೆಯಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ ಸಾಲಿನದು: ‘ನಿಮ್ಮ ಅರ್ಜಿ ರಿಜೆಕ್ಟ್ ಆಗೇತ್ರಿ.’ ಔಷಧಿ, ಫಿಸಿಯೋಥೆರಪಿ, ಆಟೋ ಬಾಡಿಗೆಗೇ ಸೋತು ಹೋಗಿರುವ ಮನೆಯವರು ಅಷ್ಟು ಕೇಳಿ ವಾಪಸ್ ಬರುತ್ತಾರೆ. ತಿರಸ್ಕಾರವನ್ನು ಪ್ರಶ್ನಿಸುವ ಹಕ್ಕು ಕಾನೂನಿನಲ್ಲೇ ಇದೆ. ಅದಕ್ಕೆ ವಕೀಲರೂ ಬೇಕಿಲ್ಲ, ಏಜೆಂಟರಂತೂ ಬೇಡವೇ ಬೇಡ. ಆದರೆ ತಪ್ಪು ಬಾಗಿಲು ಬಡಿದರೆ ವರ್ಷ ಕಳೆದರೂ ಕೆಲಸವಾಗುವುದಿಲ್ಲ. ದವಾಖಾನೆಯ ಮೇಲಿನ ತಕರಾರನ್ನು ತಹಶೀಲ್ದಾರರ ಮುಂದೆ, ತಹಶೀಲ್ದಾರರ ಮೇಲಿನ ತಕರಾರನ್ನು ಡಾಕ್ಟರ ಮುಂದೆ ಹೇಳಿಕೊಂಡು ಅಲೆಯುವವರು ಬಹಳ.

ಮೊದಲು: ಇಲ್ಲ ಎಂದವರು ಯಾರು?

ಅಂಗವಿಕಲರ ಮಾಸಾಶನಕ್ಕೆ ಎರಡು ಗೇಟುಗಳಿವೆ. ಒಂದು ದವಾಖಾನೆ. ಅಲ್ಲಿ ಡಾಕ್ಟರು ಪರೀಕ್ಷಿಸಿ, ಅಂಗವೈಕಲ್ಯ ಶೇಕಡಾ ಎಷ್ಟು ಎಂದು ಬರೆದು ಪ್ರಮಾಣಪತ್ರ ಮತ್ತು ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಕೊಡುತ್ತಾರೆ. ಇದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಕೆಳಗೆ ಬರುವ ಕೆಲಸ. ಇನ್ನೊಂದು ಕಂದಾಯ ಇಲಾಖೆ. ನಾಡಕಚೇರಿಯಲ್ಲಿ ಅರ್ಜಿ ತೆಗೆದುಕೊಂಡು, ಗ್ರಾಮ ಆಡಳಿತಾಧಿಕಾರಿಯ ವರದಿ ತರಿಸಿ, ತಹಶೀಲ್ದಾರರು ಮಂಜೂರು ಮಾಡುತ್ತಾರೆ ಅಥವಾ ತಳ್ಳಿಹಾಕುತ್ತಾರೆ.

ಮಾಸಾಶನಕ್ಕೆ ಬೇಕಾದ ಶೇ 40 ಅಂಗವೈಕಲ್ಯ ಇಲ್ಲ ಎಂಬುದು ದವಾಖಾನೆಯ ನಿರ್ಧಾರ. ಆದಾಯ ಹೆಚ್ಚಿದೆ, ಈಗಾಗಲೇ ಬೇರೆ ಮಾಸಾಶನ ಬರುತ್ತಿದೆ, ಆಧಾರ್ ಹೆಸರು ತಾಳೆಯಾಗಿಲ್ಲ, ಪ್ರಮಾಣಪತ್ರದ ಅವಧಿ ಮುಗಿದಿದೆ ಎಂಬವು ತಹಶೀಲ್ದಾರರ ಕಡೆಯವು. ಹಾಗಾಗಿ ಬಾಯಿಮಾತಿನ ರಿಜೆಕ್ಟ್ ಒಪ್ಪಬೇಡಿ, ಕಾಗದ ಕೇಳಿ. ಅರ್ಹರಲ್ಲ ಎಂದಾದರೆ ಕಾರಣ ಬರೆದು ನಮೂನೆ 8ರಲ್ಲಿ ತಿಳಿಸಬೇಕೆಂದು 2017ರ ಕೇಂದ್ರ ನಿಯಮಗಳು ದವಾಖಾನೆಗೆ ಹೇಳಿವೆ. ತಹಶೀಲ್ದಾರರ ಕಚೇರಿಗೆ, ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ ಕಾಯ್ದೆ ಅದನ್ನೇ ಹೇಳುತ್ತದೆ. ಅರ್ಜಿ ಕೊಟ್ಟ ದಿನ ಸಿಕ್ಕ ರಸೀದಿಯಲ್ಲಿ 15 ಅಂಕಿಯ ಸಕಾಲ ಸಂಖ್ಯೆ ಇರುತ್ತದೆ. ಅದನ್ನು ಕಳೆದುಕೊಳ್ಳಬೇಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಮೇಲ್ಮನವಿ ಬೇಕೇ ಬೇಕೇ?

ಕೆಲವೊಮ್ಮೆ ಬೇಡ. ಲಕ್ವಾ ಹೊಡೆದ ಮೊದಲ ತಿಂಗಳುಗಳಲ್ಲಿ ಕೈಕಾಲಿನ ಶಕ್ತಿ ಬಹುಪಾಲು ಮರಳುವ ಸಾಧ್ಯತೆ ಇರುತ್ತದೆ. ನರಸಂಬಂಧಿ ತೊಂದರೆಯ ಮೌಲ್ಯಮಾಪನವನ್ನು ಶುರುವಾಗಿ ಆರು ತಿಂಗಳಾದ ಮೇಲೆ ಮಾಡಬೇಕೆಂದು ಸರ್ಕಾರಿ ಮಾರ್ಗಸೂಚಿ ಹೇಳುವುದು ಇದಕ್ಕೇ. ಮೂರನೇ ತಿಂಗಳಿಗೆ ಹೋದಾಗ ‘ಆರು ತಿಂಗಳ ಮ್ಯಾಲೆ ಬರ್ರಿ’ ಎಂದು ಕಳಿಸಿದ್ದರೆ ಅದು ಅನ್ಯಾಯವಲ್ಲ. ಅದರ ಮೇಲೆ ಜಗಳಕ್ಕೆ ಹೋಗದೆ ಆರು ತಿಂಗಳು ತುಂಬಿದ ಮೇಲೆ ಹೊಸದಾಗಿ ಹೋಗುವುದೇ ಹತ್ತಿರದ ದಾರಿ.

ವಯಸ್ಸು 65 ದಾಟಿದ್ದರೆ ಇನ್ನೊಂದು ಲೆಕ್ಕವಿದೆ. 2021ರ ಜುಲೈನಲ್ಲಿ ಘೋಷಿಸಿದ ಏರಿಕೆಯಿಂದ ಹಿರಿಯರ ಮಾಸಾಶನವಾದ ಸಂಧ್ಯಾ ಸುರಕ್ಷಾ ₹1,200ಕ್ಕೂ, ಶೇ 40ರಿಂದ 75ರ ಒಳಗಿನ ಅಂಗವಿಕಲರ ಮಾಸಾಶನ ₹800ಕ್ಕೂ ಬಂದವು. ಶೇ 75ರ ಆಚೆಗಿನವರಿಗೆ ₹1,400. ಎರಡೂ ಪಗಾರ ಒಬ್ಬರಿಗೇ ಸಿಗುವುದಿಲ್ಲ. ಸಂಧ್ಯಾ ಸುರಕ್ಷಾ ಬರುತ್ತಿರುವ ಹಿರಿಯರು ಶೇ 50ರ ಪ್ರಮಾಣಪತ್ರ ಹಿಡಿದು ₹800ಕ್ಕೆ ಹೋರಾಡಿದರೆ ಗೆದ್ದರೂ ನಷ್ಟ. ಅವರು ಪ್ರಮಾಣಪತ್ರ ಮಾಡಿಸಬೇಕಾದ್ದು ಬಸ್ ಪಾಸ್‌ನಂತಹ ಬೇರೆ ಸೌಲಭ್ಯಗಳಿಗೆ.

ದವಾಖಾನೆ ಇಲ್ಲ ಎಂದಿದ್ದರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನಿಜವಾದ ಕಷ್ಟ ಇರುವುದು ಇಲ್ಲೇ.

ಪಾರ್ಶ್ವವಾಯುವಿನಲ್ಲಿ ಅಳೆಯುವುದು ಕಾಯಿಲೆಯನ್ನಲ್ಲ, ಅದು ಬಿಟ್ಟುಹೋದ ತೊಂದರೆಯನ್ನು. ಎಂಆರ್‌ಐನಲ್ಲಿ ದೊಡ್ಡ ಕಲೆ ಇದ್ದರೂ ಮನುಷ್ಯ ನಡೆದಾಡುತ್ತಿದ್ದರೆ ಶೇಕಡಾ ಕಡಿಮೆ ಬರುತ್ತದೆ. ಆದ್ದರಿಂದ ‘ಸ್ಕ್ಯಾನ್‌ದಾಗ ಐತಲ್ಲರೀ’ ಎಂಬ ವಾದ ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ. ಯಾವ ಕೆಲಸ ಆಗುತ್ತಿಲ್ಲ ಎಂಬುದನ್ನು ತೋರಿಸಬೇಕು.

ನಮ್ಮ ಕಡೆಯ ಜನಕ್ಕೆ ಇದು ಕಷ್ಟ. ಡಾಕ್ಟರು ‘ಹೆಂಗದೀರಿ?’ ಎಂದರೆ ಅರ್ಧ ಮೈ ಸ್ವಾಧೀನವಿಲ್ಲದವರೂ ‘ಆರಾಮ ಅದೀನ್ರಿ’ ಎನ್ನುತ್ತಾರೆ. ಪರೀಕ್ಷೆಯ ದಿನ ಮನೆಯವರು ಮಡಿ ಧೋತರ ಉಡಿಸಿ, ತಲೆ ಬಾಚಿ, ಎರಡೂ ಕಡೆ ಹಿಡಿದುಕೊಂಡು ನಡೆಸಿಕೊಂಡು ಬರುತ್ತಾರೆ. ಡಾಕ್ಟರ ಕಣ್ಣಿಗೆ ಬೀಳುವುದು ನಡೆದುಬಂದ ಮನುಷ್ಯ. ಬಚ್ಚಲಕ್ಕೆ ಹೋಗಲು ರಾತ್ರಿ ಮಗನನ್ನು ಎಬ್ಬಿಸಬೇಕು, ರೊಟ್ಟಿ ಮುರಿದು ಬಾಯಿಗೆ ಹಾಕಬೇಕು, ಅಂಗಿಯ ಗುಂಡಿ ಹೆಂಡತಿಯೇ ಹಾಕಬೇಕು ಎಂಬುದನ್ನು ಹೇಳುವವರಿಲ್ಲ. ಸುಳ್ಳು ಹೇಳಿ ಎನ್ನುತ್ತಿಲ್ಲ. ಮನೆಯಲ್ಲಿ ದಿನಾ ನಡೆಯುವುದನ್ನು ಮುಚ್ಚಿಡಬೇಡಿ.

ಎರಡನೆಯದು ಮಾತಿನ ವಿಚಾರ. ಬಲಗೈ ಬಲಗಾಲು ಬಿದ್ದವರಲ್ಲಿ ಬಹಳ ಜನರ ಮಾತಿಗೂ ಪೆಟ್ಟು ಬಿದ್ದಿರುತ್ತದೆ, ಯಾಕೆಂದರೆ ಮಿದುಳಿನ ಎಡಭಾಗವೇ ಎರಡನ್ನೂ ನೋಡಿಕೊಳ್ಳುತ್ತದೆ. ಪದ ಸಿಗದಿರುವುದು, ಹೇಳಿದ್ದು ಅರ್ಥವಾಗದಿರುವುದು, ಓದು ಬರಹ ಹೋಗಿರುವುದು, ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಕೈಕಾಲಿನ ಲೆಕ್ಕದಲ್ಲಿ ಇದು ಸೇರುವುದಿಲ್ಲ. 2016ರ ಕಾಯ್ದೆಯ ಅನುಸೂಚಿಯಲ್ಲಿ ‘ಮಾತು ಮತ್ತು ಭಾಷೆಯ ಅಂಗವೈಕಲ್ಯ’ ಎಂದು ಬೇರೆಯೇ ವಿಭಾಗವಿದೆ, ಅದರಲ್ಲಿ ಅಫೇಸಿಯಾದ ಹೆಸರೂ ಇದೆ. ಕೈಕಾಲು ಮಾತ್ರ ಪರೀಕ್ಷಿಸಿ ಶೇಕಡಾ ಬರೆದಿದ್ದರೆ ಮೇಲ್ಮನವಿಗೆ ಅದೇ ಗಟ್ಟಿ ಆಧಾರ. ಕಣ್ಣಿನ ಒಂದು ಬದಿಯ ನೋಟ ಹೋಗಿದ್ದರೂ ಹೀಗೆಯೇ.

ಇವನ್ನು ಕೂಡಿಸುವ ವಿಧಾನ ಮಾರ್ಗಸೂಚಿಯಲ್ಲಿದೆ. ನೇರವಾಗಿ ಕೂಡಿಸುವುದಲ್ಲ. 90ರಲ್ಲಿ ದೊಡ್ಡ ಅಂಕಿಯನ್ನು ಕಳೆಯಬೇಕು. ಉಳಿದದ್ದನ್ನು ಸಣ್ಣ ಅಂಕಿಯಿಂದ ಗುಣಿಸಿ 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸಬೇಕು. ಕೈಕಾಲಿಗೆ 30, ಮಾತಿಗೆ 20 ಎಂದಿಟ್ಟುಕೊಳ್ಳಿ: 60 ಗುಣಿಸು 20 ಅಂದರೆ 1,200, ಭಾಗಿಸಿದರೆ 13, ಒಟ್ಟು 43. ಕೈಕಾಲಿನ ಲೆಕ್ಕದಲ್ಲಿ ಅನರ್ಹರಾದವರು ಮಾತನ್ನೂ ಅಳೆದಾಗ ಶೇ 40 ದಾಟಿದರು. 60 ಮತ್ತು 54 ಇದ್ದರೆ 78 ಆಗುತ್ತದೆ, ಅಂದರೆ ₹800ರ ಸಾಲಿನಿಂದ ₹1,400ರ ಸಾಲಿಗೆ.

ಹಾಗಾದರೆ ಏನು ಕೂಡಿಹಾಕಬೇಕು? ಲಕ್ವಾ ಹೊಡೆದ ದಿನಾಂಕವಿರುವ ಡಿಸ್ಚಾರ್ಜ್ ಸಮ್ಮರಿ. ಆರು ತಿಂಗಳಾದ ಮೇಲಿನ ತಪಾಸಣೆಯ ಚೀಟಿ, ಇದು ಬಹಳ ಮುಖ್ಯ, ಹಳೆಯದೊಂದೇ ಸಾಲದು. ಫಿಸಿಯೋಥೆರಪಿಯ ದಾಖಲೆ. ಮಾತಿನ ತೊಂದರೆಯಿದ್ದರೆ ವಾಕ್ ಚಿಕಿತ್ಸಕರ ವರದಿ. ಅಫೇಸಿಯಾ ಅಳೆಯುವ ಪರೀಕ್ಷೆ ಕನ್ನಡದಲ್ಲೂ ಇದೆ, ಇಂಗ್ಲಿಷ್ ಬಾರದು ಎಂದು ಹಿಂಜರಿಯಬೇಡಿ. ಹುಬ್ಬಳ್ಳಿಯ ಕಿಮ್ಸ್ (ಹೆಸರು ಬದಲಾಗಿದ್ದರೂ ಆಟೋದವರಿಗೆ ಇಂದಿಗೂ ಕಿಮ್ಸೇ), ಧಾರವಾಡದ ಡಿಮ್ಹಾನ್ಸ್ ಮತ್ತು ಜಿಲ್ಲಾಸ್ಪತ್ರೆ, ಗದಗದ ಜಿಮ್ಸ್, ಹಾವೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆ ಇವೆಲ್ಲ ಸರ್ಕಾರಿ ಸಂಸ್ಥೆಗಳೇ. ನಿಮ್ಮ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರಕ್ಕೇ ಹೋಗಬೇಕೆಂದೇನಿಲ್ಲ. ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಯ ಪ್ರಾಧಿಕಾರಕ್ಕೂ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಕೇಂದ್ರ ನಿಯಮ ಅವಕಾಶ ಕೊಟ್ಟಿದೆ. ಹಾನಗಲ್ಲಿನವರು ಹುಬ್ಬಳ್ಳಿಯಲ್ಲಿ ಅಡ್ಮಿಟ್ ಆಗಿದ್ದರೆ ಇದು ಉಪಯೋಗಕ್ಕೆ ಬರುತ್ತದೆ.

ದವಾಖಾನೆ ಬರೆದ ಮೌಲ್ಯಮಾಪನದ ಹಾಳೆಯನ್ನೂ ತರಿಸಿಕೊಳ್ಳಿ. ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ₹10 ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು, ಬಿಪಿಎಲ್‌ನವರಿಗೆ ಶುಲ್ಕವಿಲ್ಲ. ಯಾವ ಅಂಗಕ್ಕೆ ಎಷ್ಟು ಕೊಟ್ಟಿದ್ದಾರೆ, ಯಾವುದನ್ನು ನೋಡೇ ಇಲ್ಲ ಎಂಬುದು ಆ ಹಾಳೆಯಲ್ಲಿ ಕಾಣುತ್ತದೆ.

ಮೇಲ್ಮನವಿ ಹಾಕಬೇಕಾದ್ದು 2016ರ ಕಾಯ್ದೆಯ 59ನೇ ಕಲಮಿನ ಕೆಳಗೆ, ರಾಜ್ಯ ಸರ್ಕಾರ ನೇಮಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ. ಯಾರ ಹೆಸರಿಗೆ, ಎಷ್ಟು ದಿನದೊಳಗೆ ಎಂಬುದನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ. ನಮೂನೆ 8 ಕೈಗೆ ಬಂದ ವಾರದಲ್ಲೇ ಹೋದರೆ ಅವಧಿಯ ಚಿಂತೆ ಇರುವುದಿಲ್ಲ. ಹಳ್ಳಿಯವರಾದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕಿನಲ್ಲಾದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಅವರೂ ಅಂಗವಿಕಲರೇ ಆಗಿರುವುದು ಹೆಚ್ಚು, ಯಾವ ಕಚೇರಿಯ ಯಾವ ಟೇಬಲ್ ಎಂಬುದು ಅವರಿಗೆ ಗೊತ್ತಿರುತ್ತದೆ.

ಬರೆಯುವುದು ಹೇಗೆ?

ಒಂದು ಪುಟ ಸಾಕು. ಬಡತನದ ಕಥೆ ಬೇಡ, ಅದು ಆದಾಯ ಪ್ರಮಾಣಪತ್ರ ಹೇಳುವ ಕೆಲಸ. ಹೀಗೆ ಬರೆಯಬಹುದು:

‘ನನ್ನ ಪತಿಗೆ … ದಿನಾಂಕದಂದು ಪಾರ್ಶ್ವವಾಯು ಆಗಿ ಬಲಗೈ ಮತ್ತು ಬಲಗಾಲಿನ ಸ್ವಾಧೀನ ಹೋಗಿದೆ. ಅವರು ಮೊದಲಿನಿಂದ ಬಲಗೈಯಲ್ಲೇ ಕೆಲಸ ಮಾಡುವವರು. ಮಾತು ಸ್ಪಷ್ಟವಿಲ್ಲ, ಎರಡು ಪದಕ್ಕಿಂತ ಹೆಚ್ಚು ಆಡಲಾರರು. ದಿನಾಂಕ …ರ ಪತ್ರದಲ್ಲಿ ಶೇಕಡಾ … ಎಂದು ನಮೂದಿಸಿ ಅರ್ಜಿ ತಿರಸ್ಕರಿಸಲಾಗಿದೆ. ಆ ಪರೀಕ್ಷೆಯಲ್ಲಿ ಮಾತಿನ ತೊಂದರೆಯನ್ನು ಪರಿಗಣಿಸಿಲ್ಲ. ಸ್ನಾನ, ಊಟ, ಬಟ್ಟೆ ಧರಿಸುವುದು, ಶೌಚ ಇವೆಲ್ಲಕ್ಕೂ ಇನ್ನೊಬ್ಬರ ನೆರವು ಬೇಕು. ವಾಕ್ ಚಿಕಿತ್ಸಕರ ವರದಿ ಲಗತ್ತಿಸಿದ್ದೇನೆ. ಎರಡೂ ತೊಂದರೆಗಳನ್ನು ಸೇರಿಸಿ ಮರುಮೌಲ್ಯಮಾಪನಕ್ಕೆ ಆದೇಶಿಸಬೇಕೆಂದು ಕೋರುತ್ತೇನೆ.’

ಎರಡು ಪ್ರತಿ ಮಾಡಿ, ಒಂದರ ಮೇಲೆ ಟಪಾಲು ವಿಭಾಗದ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಸೀಲು ಹಾಕಲು ಒಲ್ಲೆ ಎಂದರೆ ಸ್ಪೀಡ್ ಪೋಸ್ಟ್ ಮಾಡಿ. ಬಲಗೈ ಬಿದ್ದವರ ಸಹಿ ಹಳೆಯ ಸಹಿಗೆ ಹೊಂದುವುದಿಲ್ಲ, ಎಡಗೈ ಹೆಬ್ಬೆಟ್ಟು ಹಾಕಿಸಿ ಇಬ್ಬರು ಸಾಕ್ಷಿಗಳ ಸಹಿ ಪಡೆದರೆ ಮುಂದೆ ತಕರಾರು ಬರುವುದಿಲ್ಲ.

ಉತ್ತರವೇ ಬಾರದಿದ್ದರೆ? 2024ರ ಅಕ್ಟೋಬರಿನಲ್ಲಿ ಕೇಂದ್ರ ನಿಯಮ ತಿದ್ದುಪಡಿಯಾಗಿ, ಪ್ರಮಾಣಪತ್ರದ ಅರ್ಜಿ ಇತ್ಯರ್ಥಕ್ಕೆ ಇದ್ದ ಒಂದು ತಿಂಗಳು ಮೂರು ತಿಂಗಳಾಯಿತು. ಎರಡು ವರ್ಷ ತೀರ್ಮಾನವಾಗದೆ ಉಳಿದ ಅರ್ಜಿ ತಾನಾಗಿಯೇ ನಿಷ್ಕ್ರಿಯವಾಗುತ್ತದೆ, ಮತ್ತೆ ಹೊಸದಾಗಿ ಹಾಕಬೇಕು. ಈ ಎರಡನೆಯ ತಿದ್ದುಪಡಿ ನನಗಂತೂ ಸರಿ ಕಾಣುವುದಿಲ್ಲ, ತಡ ಮಾಡಿದವರ ಬದಲು ಕಾಯ್ದವರಿಗೆ ಶಿಕ್ಷೆ. ಆದರೆ ನಿಯಮ ಇರುವುದು ಹಾಗೆ, ಆದ್ದರಿಂದ ಯುಡಿಐಡಿ ಪೋರ್ಟಲ್‌ನಲ್ಲಿ ಅರ್ಜಿಯ ಸ್ಥಿತಿ ನೋಡುತ್ತಿರಿ.

ತಹಶೀಲ್ದಾರರು ಇಲ್ಲ ಎಂದಿದ್ದರೆ

ಇದು ಸರಳ. ಸಕಾಲ ಕಾಯ್ದೆಯಡಿ ತಿರಸ್ಕಾರದ 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಬೇಕು. ತಹಶೀಲ್ದಾರರ ಮೇಲಿನವರೆಂದರೆ ಸಾಮಾನ್ಯವಾಗಿ ಉಪವಿಭಾಗಾಧಿಕಾರಿ, ಜನರ ಬಾಯಲ್ಲಿ ಎಸಿ ಸಾಹೇಬರು. ಹುಬ್ಬಳ್ಳಿಯವರೂ ಇದಕ್ಕೆ ಧಾರವಾಡಕ್ಕೆ ಹೋಗಬೇಕು. ಹಾವೇರಿ ಜಿಲ್ಲೆಯವರು ತಮ್ಮ ತಾಲ್ಲೂಕು ಹಾವೇರಿ ಉಪವಿಭಾಗವೋ ಸವಣೂರಿನದೋ ನೋಡಿಕೊಳ್ಳಬೇಕು. ಅಲ್ಲೂ ಆಗದಿದ್ದರೆ ಇನ್ನೊಂದು ಮೇಲ್ಮನವಿಗೆ ದಾರಿ ಇದೆ.

ಹಾಕುವ ಮುಂಚೆ ಕಾರಣದ ಬೇರು ನೋಡಿ. ವಾರ್ಷಿಕ ಆದಾಯ ₹32,000 ಮೀರಿದೆ ಎಂದಿದ್ದರೆ, ಬೇರೆ ರೇಷನ್ ಕಾರ್ಡಿನಲ್ಲಿರುವ ಮಗನ ಸಂಬಳವನ್ನೂ ಸೇರಿಸಿದ್ದಾರೆಯೇ, ಲಕ್ವಾ ಹೊಡೆಯುವ ಮುಂಚಿನ ದುಡಿಮೆಯನ್ನೇ ಹಿಡಿದಿದ್ದಾರೆಯೇ ಪರಿಶೀಲಿಸಿ. ಹೌದಾದರೆ ಮೊದಲು ಆದಾಯ ಪ್ರಮಾಣಪತ್ರ ಸರಿಪಡಿಸಿಕೊಂಡು ಅದನ್ನೇ ಮೇಲ್ಮನವಿಗೆ ಲಗತ್ತಿಸಿ. ಪ್ರಮಾಣಪತ್ರದ ಅವಧಿ ಮುಗಿದು ಮಾಸಾಶನ ನಿಂತಿದ್ದರೆ ಮೇಲ್ಮನವಿ ಬೇಡ, ಮರುಪರೀಕ್ಷೆ ಮಾಡಿಸಿ. ಸ್ಥಿತಿ ಬದಲಾಗುವ ಸಾಧ್ಯತೆ ಕಂಡರೆ ಡಾಕ್ಟರು ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ, ಲಕ್ವಾದವರಿಗೆ ಇದು ಮಾಮೂಲು. ಅವಧಿ ಮುಗಿಯುವ ಎರಡು ಮೂರು ತಿಂಗಳ ಮುಂಚೆಯೇ ಮರುಪರೀಕ್ಷೆಗೆ ಹೋಗಿ.

ಎಲ್ಲೂ ಆಗದಿದ್ದರೆ

ಬೆಂಗಳೂರಿನಲ್ಲಿ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿದ್ದಾರೆ, ಅಂಚೆಯಲ್ಲೇ ದೂರು ಕಳಿಸಬಹುದು. ಹೈಕೋರ್ಟಿನ ಧಾರವಾಡ ಪೀಠಕ್ಕೆ ರಿಟ್ ಹಾಕುವ ಮಾತು ಬಂದರೆ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮು ಅಂಗವಿಕಲರಿಗೆ ಉಚಿತ ವಕೀಲರನ್ನು ಕೊಡುತ್ತದೆ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಅದರ ಕಚೇರಿ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆದೀತು.

ಮಂಜೂರಾತಿ ಆದೇಶ ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಹಣ ನೇರವಾಗಿ ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇರುವವರು ಯಾವುದಕ್ಕೆ ಆಧಾರ್ ಮ್ಯಾಪ್ ಆಗಿದೆ ಎಂದು ಕೇಳಿ ತಿಳಿದುಕೊಳ್ಳಿ. ಪಾಸ್‌ಬುಕ್ ತೋರಿಸಿದ ಖಾತೆಯೊಂದು, ಹಣ ಬೀಳುವ ಖಾತೆ ಇನ್ನೊಂದು ಆಗಿರಬಹುದು.