ಅಡ್ವಾನ್ಸ್‌ನಿಂದ ಶುರುವಾದ ಆ್ಯಪ್

ಬೆಂಗಳೂರಿನ ಹನುಮಂತನಗರ, ಶ್ರೀನಗರ, ರಾಜಾಜಿನಗರದ ಒಳರಸ್ತೆಗಳಲ್ಲಿ ಓಡಾಡಿದವರಿಗೆ ಈ ಮನೆಗಳ ಪರಿಚಯ ಇದ್ದೇ ಇರುತ್ತದೆ. 30x40 ಸೈಟು. ಕೆಳಗೆ ಓನರ್, ಮೇಲೆ ಎರಡೋ ಮೂರೋ ಬಾಡಿಗೆ ಮನೆ, ತಾರಸಿಯಲ್ಲಿ ಒಂದು ಸಿಂಗಲ್ ರೂಮು. ನಾನೂ ನನ್ನ ಗೆಳೆಯನೂ ಸೇರಿ ಬಾಡಿಗೆ ಲೆಕ್ಕದ ಆ್ಯಪ್ ಮಾಡಿದ್ದು ಇಂಥ ಓನರ್‌ಗಳಿಗೆ. ವಿನ್ಯಾಸ ನನ್ನದು, ಕೋಡ್ ಅವನದು.

ಬಾಡಿಗೆ ವಸೂಲಿ ಮಾಡಿಕೊಡುವ ಸಾಫ್ಟ್‌ವೇರ್‌ಗೆ ಬರವಿಲ್ಲ. ಆದರೆ ನಾನು ಮಾತಾಡಿಸಿದ ಓನರ್‌ಗಳಿಗೆ ವಸೂಲಿ ದೊಡ್ಡ ತಲೆನೋವೇ ಅಲ್ಲ. ಒಂದನೇ ತಾರೀಕಿನಿಂದ ಹತ್ತರೊಳಗೆ ಫೋನ್‌ಪೇಗೋ ಗೂಗಲ್‌ಪೇಗೋ ದುಡ್ಡು ಬಂದು ಬೀಳುತ್ತದೆ. ಯಾರ ದುಡ್ಡು, ಯಾವುದಕ್ಕೆ ಬಂತು ಅನ್ನೋದೇ ಗೊಂದಲ. ಬಾಡಿಗೆ ಕರಾರು ಗಂಡನ ಹೆಸರಲ್ಲಿ, ದುಡ್ಡು ಹೆಂಡತಿಯ ನಂಬರಿಂದ. ಮೂವರು ಹುಡುಗರಿದ್ದರೆ ಮೂರು ಕಂತು.

ಹಾಗಾಗಿ ಮೊದಲು ಓನರ್‌ಗಳ ಡೈರಿ ಕೇಳಿ ತೆಗೆದುಕೊಂಡು ಓದಿದೆ. ಒಬ್ಬರ ಡೈರಿಯಲ್ಲಿ ಹೀಗಿತ್ತು: 'ಮೇಲೆ ಹಿಂದೆ – 14000. ಪ್ಲಂಬರ್ 800 ಅವರೇ ಕೊಟ್ಟರು. 13200 ಬಂತು. ನೀರು ಬಾಕಿ.' ನಮ್ಮ ಡೇಟಾಬೇಸ್‌ನ ರಚನೆ ಪೂರ್ತಿ ಈ ನಾಲ್ಕು ವಾಕ್ಯದಲ್ಲಿದೆ. ಬರಬೇಕಾದ್ದು ಒಂದು ಸಾಲು, ಬಂದದ್ದು ಇನ್ನೊಂದು ಸಾಲು, ಹೊಂದಿಸಿಕೊಂಡದ್ದು ಕಾರಣದ ಜೊತೆ ಮತ್ತೊಂದು ಸಾಲು. 'ಬಾಡಿಗೆ ಕಟ್ಟಿದ್ದಾರೆ / ಕಟ್ಟಿಲ್ಲ' ಅಂತ ಒಂದು ಟಿಕ್ ಬಾಕ್ಸ್ ಇಟ್ಟರೆ ಆ 800 ರೂಪಾಯಿಗೆ ಜಾಗವೇ ಇರುವುದಿಲ್ಲ. ಒಮ್ಮೆ ಬರೆದ ಸಾಲನ್ನು ಅಳಿಸಲು ಬಿಟ್ಟಿಲ್ಲ. ತಪ್ಪಿದ್ದರೆ ಕೆಳಗೆ ತಿದ್ದುಪಡಿ ಬರೆಯಬೇಕು, ಹಳೇ ಕಾಲದ ಅಂಗಡಿ ಖಾತೆ ಪುಸ್ತಕದ ಹಾಗೆ. ಮನೆಗಳ ಹೆಸರೂ ಅವರು ಕರೆಯುವ ಹಾಗೇ ಇದೆ. 'ಮೇಲೆ ಹಿಂದೆ', 'ಗೇಟ್ ಪಕ್ಕದ್ದು'. 101, 102 ಅಂತ ನಂಬರ್ ಕೊಡಿ ಅಂದರೆ ಯಾವುದು ಯಾವುದು ಅಂತ ಅವರೇ ಯೋಚಿಸಬೇಕಾಗುತ್ತದೆ.

ಇನ್ನು ಅಡ್ವಾನ್ಸ್. ನಾನು ತಲೆ ಜಾಸ್ತಿ ಓಡಿಸಿದ್ದು ಇಲ್ಲೇ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಬೇಡ ಅನ್ನುತ್ತದೆ. ಆದರೆ ಅದು ಬರೀ ಮಾದರಿ, ಆಯಾ ರಾಜ್ಯ ಒಪ್ಪಿ ಜಾರಿಗೆ ತರಬೇಕು. ಈ ಅಡ್ವಾನ್ಸ್ ದುಡ್ಡು ಬ್ಯಾಂಕಲ್ಲಿ ಸುಮ್ನೆ ಕೂತಿರುತ್ತೆ ಅಂದುಕೊಂಡಿರಾ? ಎಷ್ಟೋ ಕಡೆ ಮೇಲಿನ ಫ್ಲೋರ್ ಎದ್ದಿದ್ದೇ ಕೆಳಗಿನವರ ಅಡ್ವಾನ್ಸ್‌ನಲ್ಲಿ. ಇವರು ಖಾಲಿ ಮಾಡಿದರೆ ಹೊಸಬರ ಅಡ್ವಾನ್ಸ್ ಬರುವ ತನಕ ಇವರಿಗೆ ಕೊಡಲು ಕೈಯಲ್ಲಿ ಕಾಸಿಲ್ಲ. ಓನರ್‌ಗೂ ಬಾಡಿಗೆಯವರಿಗೂ ಜಗಳ ಹತ್ತುವುದು ಹೆಚ್ಚಾಗಿ ಇಲ್ಲಿಂದಲೇ.

ಅದಕ್ಕೇ ಆ್ಯಪ್ ತೆಗೆದ ತಕ್ಷಣ ಮೇಲೆ ಕಾಣುವ ಮೊದಲ ಅಂಕಿ ಈ ತಿಂಗಳ ಬಾಡಿಗೆ ಅಲ್ಲ, 'ವಾಪಸ್ ಕೊಡಬೇಕಾದ ಅಡ್ವಾನ್ಸ್'. ನಿವೃತ್ತ ಅಂಕಲ್ ಒಬ್ಬರು ಅದನ್ನು ನೋಡಿ, "ಇದು ಬೇಡಮ್ಮ, ಬೆಳಗ್ಗೆ ಬೆಳಗ್ಗೆ ನೋಡಿದ್ರೆ ಬಿಪಿ ಬರುತ್ತೆ" ಅಂದರು. ನಾನು ತೆಗೆಯಲಿಲ್ಲ. ಮುಟ್ಟಿದರೆ ಮಾತ್ರ ಅಂಕಿ ಕಾಣುವ ಹಾಗೆ ಮಾಡಿಕೊಟ್ಟೆ. ಅದರ ಕೆಳಗೆ ಯಾರ ಕರಾರು ಯಾವಾಗ ಮುಗಿಯುತ್ತದೆ ಅನ್ನುವ ಪಟ್ಟಿ ಇದೆ.

ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಒಂದು ವರ್ಷ ಮೀರಿದ ಲೀಸನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು, ಆ ಓಡಾಟ ಯಾರಿಗೂ ಬೇಡ. ಹತ್ತನೇ ತಿಂಗಳಲ್ಲಿ ನೆನಪಿಸಿದರೆ ಏನೂ ಪ್ರಯೋಜನವಿಲ್ಲ. ಬಾಡಿಗೆ ಎಷ್ಟು ಏರಿಸೋದು, ಅವರು ಇರ್ತಾರಾ ಹೋಗ್ತಾರಾ ಅನ್ನುವ ಮಾತುಕತೆಗೆ ಟೈಮ್ ಬೇಕಲ್ವಾ. ಅದಕ್ಕೆ ಒಂಬತ್ತನೇ ತಿಂಗಳಿಗೇ ಆ್ಯಪ್ ಎಚ್ಚರಿಸುತ್ತದೆ.

ಭೋಗ್ಯದ ಮನೆಗಳಿಗೆ ಬೇರೆಯೇ ಪರದೆ ಮಾಡಬೇಕಾಯಿತು. ಒಂದಿಷ್ಟು ಲಕ್ಷ ಒಟ್ಟಿಗೆ ಕೊಟ್ಟು ತಿಂಗಳ ಬಾಡಿಗೆಯೇ ಇಲ್ಲದೆ ಇರುತ್ತಾರಲ್ಲ, ಅವರಿಗೆ ಬಾಡಿಗೆ ಕಾಲಂನಲ್ಲಿ ಪ್ರತಿ ತಿಂಗಳು ಸೊನ್ನೆ ತೋರಿಸುವುದು ದಡ್ಡತನ. ಅಲ್ಲಿ ಮುಖ್ಯವಾದ ತಾರೀಕು ಒಂದೇ, ದುಡ್ಡು ವಾಪಸ್ ಕೊಡುವ ದಿನ.

ನೀರಿನ ಲೆಕ್ಕಕ್ಕೆ ಒಂದೇ ಸೂತ್ರ ಹಾಕಲು ಆಗಲಿಲ್ಲ. ಕಾವೇರಿ ನೀರು, ಬೋರ್‌ವೆಲ್, ಟ್ಯಾಂಕರ್ ಮೂರೂ ನೆಲದಡಿಯ ಒಂದೇ ಸಂಪ್‌ಗೆ ಬೀಳುತ್ತವೆ. ಕೆಲವರು ಮನೆಗಿಷ್ಟು ಅಂತ ಹಂಚುತ್ತಾರೆ, ಕೆಲವರು ತಲೆ ಲೆಕ್ಕದಲ್ಲಿ, ಮೀಟರ್ ಹಾಕಿಸಿದವರು ಲೀಟರ್ ಲೆಕ್ಕದಲ್ಲಿ. ಮೂರೂ ಇಟ್ಟಿದ್ದೇವೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಊರೆಲ್ಲ ಟ್ಯಾಂಕರ್ ಹಿಂದೆ ಬಿದ್ದಿತ್ತಲ್ಲ, ಆಗಿನ ಡೈರಿ ಪುಟಗಳು ಈ ಪರದೆಗೆ ತುಂಬ ಸಹಾಯ ಮಾಡಿದವು. ಟ್ಯಾಂಕರ್ ಬಂದಾಗ ಬಿಲ್ಲಿನ ಫೋಟೊ ತೆಗೆದು ಎಷ್ಟು ಲೀಟರ್, ಎಷ್ಟು ದುಡ್ಡು ಅಂತ ಹಾಕಿದರೆ ಸಾಕು, ಪಾಲು ತಾನೇ ಬೀಳುತ್ತದೆ. ಫೋಟೊ ಇದ್ದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಕರೆಂಟಿನ ಕಥೆಗೆ 2023ರಲ್ಲಿ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಸೇರಿಕೊಂಡಿತು. ಮನೆಗೊಂದು ಮೀಟರ್ ಇದ್ದರೆ ತೊಂದರೆ ಇಲ್ಲ. ಹಳೇ ಕಟ್ಟಡಗಳಲ್ಲಿ ಒಂದೇ ಮೀಟರ್, ಒಳಗೆ ಸಬ್ ಮೀಟರ್ ಇರುತ್ತವೆ. ಎಲ್ಲರದ್ದೂ ಸೇರಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆಗ ಕಡಿಮೆ ಬಳಸಿದವರ ಮುಖ ನೋಡಬೇಕು! ಸಬ್ ಮೀಟರ್ ರೀಡಿಂಗ್ ತಿಂಗಳ ಮಧ್ಯದಲ್ಲೂ ಹಾಕಲು ಬಿಟ್ಟಿರುವುದು ಇದಕ್ಕೇ. ಖಾಲಿ ಮಾಡುವವರ ಆಧಾರ್ ಆ ಮನೆಯ ಗೃಹಜ್ಯೋತಿಗೆ ಜೋಡಣೆಯಾಗಿದ್ದರೆ ಅದನ್ನು ಬಿಡಿಸಬೇಕು. ಖಾಲಿ ಮಾಡುವಾಗಿನ ಪಟ್ಟಿಯಲ್ಲಿ ಕೀ ವಾಪಸ್ ಪಡೆಯುವುದರ ಪಕ್ಕದಲ್ಲೇ ಇದೂ ಇದೆ. ಇನ್ನೊಂದು ಸಣ್ಣ ವಿಷಯ: ಬೆಸ್ಕಾಂ ಬಿಲ್ಲಿನಲ್ಲೂ ಆರ್.ಆರ್. ನಂಬರ್ (ಆ ಸಂಪರ್ಕದ ಗುರುತಿನ ನಂಬರ್), ಜಲಮಂಡಳಿ ಬಿಲ್ಲಿನಲ್ಲೂ ಆರ್.ಆರ್. ನಂಬರ್. 'ಕರೆಂಟ್ ಆರ್.ಆರ್.', 'ನೀರು ಆರ್.ಆರ್.' ಅಂತ ಬಿಡಿಸಿ ಬರೆದು ಬಣ್ಣವನ್ನೂ ಬೇರೆ ಮಾಡಿದೆ.

ಬಾಡಿಗೆ ತಡವಾದರೆ ಆ್ಯಪ್ ತಾನಾಗಿ ಮೆಸೇಜ್ ಕಳಿಸುವುದಿಲ್ಲ. ನನ್ನ ಗೆಳೆಯನಿಗೆ ಇದು ಇವತ್ತಿಗೂ ಅಸಮಾಧಾನ. ಆದರೆ ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ಕಳಿಸುವ ಮನೆಗೆ ಯಂತ್ರದಿಂದ 'ಬಾಡಿಗೆ ಬಾಕಿ ಇದೆ' ಅಂತ ನೋಟಿಸ್ ಹೋದರೆ ಹೇಗಿರುತ್ತದೆ? ಆ್ಯಪ್ ಬರೀ ಒಕ್ಕಣೆ ಸಿದ್ಧ ಮಾಡಿಕೊಡುತ್ತದೆ. ಓನರ್ ಓದಿ, ಬೇಕಾದರೆ ಎರಡು ಮಾತು ಸೇರಿಸಿ, ತಮ್ಮದೇ ವಾಟ್ಸಾಪ್‌ನಿಂದ ಕಳಿಸುತ್ತಾರೆ.

ಮಕ್ಕಳು ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುವ ಓನರ್‌ಗಳು ಬಹಳ. ಆ ಮಕ್ಕಳಿಗೆ 'ನೋಡಲು ಮಾತ್ರ' ಲಾಗಿನ್ ಕೊಟ್ಟೆವು. ಮಗನಿಗೆ ಎಲ್ಲಾ ಕಾಣೋದು ಬೇಡ ಅಂದ ಅಪ್ಪಂದಿರೂ ಇದ್ದಾರೆ. ಹಾಗಾಗಿ ಯಾವ ಮನೆ ಕಾಣಬೇಕು ಅಂತ ಆರಿಸಬಹುದು. ಕಾರಣ ನಾನು ಕೇಳಲಿಲ್ಲ.

ಬಾಡಿಗೆಯವರ ಆಧಾರ್ ಪ್ರತಿ ನಾವು ಇಟ್ಟುಕೊಳ್ಳುವುದಿಲ್ಲ, ಕೊನೆಯ ನಾಲ್ಕು ಅಂಕಿ ಮಾತ್ರ. ಬಾಡಿಗೆ ರಸೀದಿ ಒಂದೇ ಒತ್ತಿಗೆ ಬರುತ್ತದೆ. ಎಚ್‌ಆರ್‌ಎಗೆ (ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿಗೆ) ಅಂತ ಜನವರಿ ಬಂತೆಂದರೆ ಎಲ್ಲರೂ ಕೇಳುವುದು ಅದನ್ನೇ. ಬಾಡಿಗೆ ವರ್ಷಕ್ಕೆ ಒಂದು ಲಕ್ಷ ಮೀರಿದರೆ ಓನರ್ ಪ್ಯಾನ್ ಕೂಡ ಬೇಕು, ಅದನ್ನು ಕೊಡಿಸುವುದು ಮಾತ್ರ ಯಾವ ಆ್ಯಪ್‌ನ ಕೈಲೂ ಆಗದ ಕೆಲಸ.

ಮನೆ ಕೊಡುವ ದಿನ ಗೋಡೆ, ನಲ್ಲಿ, ಸ್ವಿಚ್ ಬೋರ್ಡ್, ಸಿಂಕ್ ಇವುಗಳ ಫೋಟೊ ತೆಗೆಸುತ್ತೇವೆ. ಬಿಡುವ ದಿನ ಅದೇ ಜಾಗದ ಹೊಸ ಫೋಟೊ ಹಳೆಯದರ ಪಕ್ಕ ಬರುತ್ತದೆ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿಯನ್ನು ಆ್ಯಪ್ ತಾನಾಗಿ ಲೆಕ್ಕಕ್ಕೆ ಸೇರಿಸುವುದಿಲ್ಲ. ಕರಾರಿನಲ್ಲಿ ಬರೆದಿದ್ದರೆ ಮಾತ್ರ ಆ ಸಾಲು ಬರುತ್ತದೆ. ಕೆಲವು ಓನರ್‌ಗಳಿಗೆ ಇದು ಹಿಡಿಸಿಲ್ಲ. ಅಡ್ವಾನ್ಸ್‌ನಲ್ಲಿ ಏನೇನು ಕಡಿತ ಅನ್ನುವ ಹಾಳೆ ಬಾಡಿಗೆಯವರಿಗೂ ಹೋಗುತ್ತದೆ. ಪ್ರತಿ ಸಾಲಿನ ಎದುರು 'ಒಪ್ಪಿಗೆ ಇಲ್ಲ' ಅಂತ ಒತ್ತಿ ಕಾರಣ ಬರೆಯಬಹುದು. ಈಗ ನಾವು ಕೆಲಸ ಮಾಡುತ್ತಿರುವುದು ಆ ಹಾಳೆಯ ಮೇಲೆ, ಅದನ್ನು ಖಾಲಿ ಮಾಡುವ ದಿನಕ್ಕಲ್ಲ, ನೋಟಿಸ್ ಕೊಟ್ಟ ದಿನಕ್ಕೇ ಇಬ್ಬರ ಕೈಗೂ ತಲುಪಿಸಲು.