ಗೆಲ್ಲು ಸವರುವ ಮಿಷನ್ ಕೊಳ್ಳುವ ಮುಂಚೆ ತೂಗಿ ನೋಡಿ

ನಮ್ಮ ಮನೆ ಇರುವುದು ಹೊಸನಗರ ತಾಲೂಕಿನಲ್ಲಿ, ನಗರ ಅನ್ನುವ ಊರಿನಿಂದ ಸ್ವಲ್ಪ ಒಳಗೆ. ಎರಡೆಕರೆ ಅಡಿಕೆ ತೋಟ, ಮೇಲುಗಡೆ ಒಂದಿಷ್ಟು ಅಕೇಶಿಯಾ, ಸಿಲ್ವರ್ ಓಕ್. ಗ್ಯಾಸ್ ಬಂದರೂ ನಮ್ಮ ಕಡೆ ಕಟ್ಟಿಗೆ ಖರ್ಚು ಕಡಿಮೆಯಾಗಿಲ್ಲ. ದೀಪಾವಳಿ ಹೊತ್ತಿಗೆ ಅಡಿಕೆ ಸುಲಿಯಲು ಶುರುವಾದರೆ ಬೇಯಿಸುವ ಹಂಡೆ ಕೆಳಗೆ ದಿನಾ ಬೆಂಕಿ ಬೇಕು. ಬಚ್ಚಲ ಒಲೆಗಂತೂ ಮಳೆಗಾಲದಲ್ಲೂ ರಜೆ ಇಲ್ಲ. ಹಾಗಾಗಿ ಸಂಕ್ರಾಂತಿ ಕಳೆದ ಮೇಲೆ ಮರ ಕಡಿಸಿ, ಬಿಸಿಲಲ್ಲಿ ಒಣಗಿಸಿ, ಮೇ ಮುಗಿಯುವುದರೊಳಗೆ ಕೊಟ್ಟಿಗೆಯಲ್ಲಿ ಒಟ್ಟಿಬಿಡಬೇಕು.

ಮರ ಬೀಳಿಸಲು ದೊಡ್ಡ ಮಿಷನ್ ಇಟ್ಟುಕೊಂಡವರು ಬರುತ್ತಾರೆ. ಅರ್ಧ ದಿನದಲ್ಲಿ ಐದಾರು ಮರ ಮಲಗಿಸಿ ಕೂಲಿ ತಗೊಂಡು ಹೋಗುತ್ತಾರೆ. ಅಸಲಿ ಕೆಲಸ ಆಮೇಲೆ. ಬಿದ್ದ ಅಕೇಶಿಯಾ ನೋಡಿದವರಿಗೆ ಗೊತ್ತು, ಅದು ಮರವೋ ಪೊದೆಯೋ ಎಂದು ಅನುಮಾನ ಬರುವಷ್ಟು ಗೆಲ್ಲು. ಅದನ್ನೆಲ್ಲ ಸವರಿ, ಒಲೆ ಬಾಯಿಗೆ ಸರಿಯಾಗಿ ತುಂಡು ಹಾಕುವುದು ನಮ್ಮ ಪಾಲಿಗೆ. ಆ ಕೆಲಸಕ್ಕೆ ಎಂಥ ಚೈನ್ ಸಾ ತಗೋಬೇಕು ಎನ್ನುವುದಷ್ಟೇ ಇಲ್ಲಿರುವ ವಿಷಯ. ದುಡ್ಡು ಕೊಟ್ಟು ಕಲಿತಿದ್ದು.

ಮೊದಲು ನಾನು ತಂದದ್ದು 58 ಸಿಸಿ, 22 ಇಂಚಿನ ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಇದ್ದ ಒಂದು ಮಿಷನ್. ಹೆಸರು ಬೇಡ. ಹತ್ತು ಸಾವಿರದೊಳಗೆ ಬಂತು, ಇಂಜಿನ್ ದೊಡ್ಡದು, ಬಾರ್ ಉದ್ದ. ಇನ್ನೇನು ಬೇಕು ಅಂದುಕೊಂಡೆ. ಮೊದಲ ದಿನ ಎರಡು ಮರದ ಗೆಲ್ಲು ತೆಗೆಯುವಷ್ಟರಲ್ಲಿ ಎಡಗೈ ಸೋತುಹೋಯಿತು. ಸಾಯಂಕಾಲ ಕಾಫಿ ಲೋಟ ಎತ್ತಿದರೆ ಕೈ ನಡುಗಿ ತಟ್ಟೆಗೆ ಚೆಲ್ಲಿತು. ನಮ್ಮ ಮನೆಯವಳು ಅಂಗಳದಲ್ಲಿದ್ದ ಮಿಷನ್ ಕಡೆ ನೋಡಿ, "ಅದೇನು ಮಿಷನ್ನೋ, ಎಮ್ಮೆ ಕರುವೋ?" ಅಂದಳು.

ಮರುದಿನ ಅಡಿಕೆ ಮೂಟೆ ತೂಗುವ ತೂಗುಕೊಕ್ಕೆಯ ಡಿಜಿಟಲ್ ಕಾಂಟಾ ತಂದು, ಪೆಟ್ರೋಲ್, ಚೈನ್ ಆಯಿಲ್ ಎರಡೂ ಟ್ಯಾಂಕ್ ತುಂಬಿಸಿ, ಕೊಟ್ಟಿಗೆ ಪಕಾಸಿಗೆ ನೇತುಹಾಕಿ ತೂಗಿದೆ. 7.6 ಕೆಜಿ! ಡಬ್ಬದ ಮೇಲೆ ಬರೆದದ್ದು ಐದೂವರೆ. ಮೋಸ ಅಂತ ಅಲ್ಲ. ಕಂಪನಿಯವರು ಸಾಮಾನ್ಯವಾಗಿ ತೂಕ ಹೇಳುವುದು ಬಾರ್, ಚೈನ್ ಬಿಟ್ಟು, ಟ್ಯಾಂಕ್ ಖಾಲಿ ಇರುವಾಗ. ನಾವು ಖಾಲಿ ಟ್ಯಾಂಕಿನಲ್ಲಿ, ಬಾರ್ ಇಲ್ಲದೆ ಏನು ಕುಯ್ಯೋದು? ಅಂಗಡಿಗೆ ಹೋದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ: "ಬಾರ್, ಚೈನ್, ಪೆಟ್ರೋಲ್, ಆಯಿಲ್ ಎಲ್ಲ ಸೇರಿ ಎಷ್ಟು ತೂಕ?" ಉತ್ತರ ಬರದಿದ್ದರೆ ಹೇಳಿದ ತೂಕಕ್ಕೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿಯೇ ಸೇರಿಸಿಕೊಳ್ಳಿ. ಬಾರ್ ಉದ್ದವಿದ್ದರೆ ಎರಡು.

ಮರ ಬೀಳಿಸುವಾಗ ಮಿಷನ್ ಮರದ ಬುಡಕ್ಕೆ ಒರಗಿರುತ್ತದೆ, ನಾಲ್ಕೈದು ನಿಮಿಷದ ಕೆಲಸ. ಗೆಲ್ಲು ಸವರುವುದು ಹಾಗಲ್ಲ. ಒಂದು ಮರಕ್ಕೆ ನೂರು ಸಲ ಎತ್ತಬೇಕು, ಇಳಿಸಬೇಕು, ತಿರುಗಿಸಬೇಕು. ಒಂದೊಂದು ಗೆಲ್ಲು ಕುಯ್ಯಲು ಮೂರು ಸೆಕೆಂಡ್ ಸಾಕು. ಉಳಿದ ಹೊತ್ತೆಲ್ಲ ಮಿಷನ್ ಹೊರುವುದೇ ಕೆಲಸ. ಅಲ್ಲಿ ಸಿಸಿ ನೆರವಿಗೆ ಬರಲ್ಲ, ತೂಕ ಮಾತ್ರ ಕಾಡುತ್ತದೆ.

ಒಂದು ದಿನ ಕೂತು ರಾಶಿಯಲ್ಲಿದ್ದ ಗೆಲ್ಲುಗಳ ದಪ್ಪ ಅಳೆದೆ. ಬಹುಪಾಲು ಎರಡರಿಂದ ಐದು ಇಂಚು. ಎಂಟು ಇಂಚು ದಾಟಿದ್ದು ಮರಕ್ಕೆ ಒಂದೋ ಎರಡೋ. ಅದಕ್ಕೆ 22 ಇಂಚಿನ ಬಾರ್ ಯಾಕೆ? 12 ಇಂಚು ಸಾಕು, 14 ಇದ್ದರೆ ಧಾರಾಳ. ಉದ್ದದ ಬಾರ್‌ನಿಂದ ಇನ್ನೊಂದು ತೊಂದರೆ ಇದೆ, ಅದು ನನಗೆ ಎರಡನೇ ವಾರದಲ್ಲಿ ಅರ್ಥವಾಯಿತು. ಸೊಪ್ಪಿನೊಳಗೆ ಒಂದು ಗೆಲ್ಲು ಕುಯ್ಯುತ್ತಿದ್ದೆ. ಬಾರ್‌ನ ಮೂತಿ ಎಲ್ಲಿದೆ ಎಂದು ಕಾಣುತ್ತಿರಲಿಲ್ಲ. ಅದು ಆಚೆ ಅಡಗಿದ್ದ ಇನ್ನೊಂದು ಗೆಲ್ಲಿಗೆ ತಾಗಿತು. ಮೂತಿಯ ಮೇಲಿನ ಅರ್ಧ ಗಟ್ಟಿ ಕಟ್ಟಿಗೆಗೆ ತಾಗಿದರೆ ಚೈನ್ ಕುಯ್ಯುವುದಿಲ್ಲ, ಇಡೀ ಬಾರನ್ನೇ ಮೇಲಕ್ಕೆ, ನಮ್ಮ ಕಡೆಗೆ ಎಸೆಯುತ್ತದೆ. ಇದಕ್ಕೆ ಕಿಕ್‌ಬ್ಯಾಕ್ ಅನ್ನುತ್ತಾರೆ. ಬಾರ್ ನನ್ನ ಟೋಪಿ ಅಂಚಿನ ಹತ್ತಿರ ಬಂದು ನಿಂತಿತು. ಚೈನ್ ನಿಲ್ಲಿಸುವ ಬ್ರೇಕ್ ಹಿಡಿಯಿತು, ಅದಕ್ಕೇ ಇವತ್ತು ಇದನ್ನು ಬರೆಯುತ್ತಿದ್ದೇನೆ. ಗಿಡ್ಡ ಬಾರ್ ಇದ್ದರೆ ಮೂತಿ ಯಾವಾಗಲೂ ಕಣ್ಣೆದುರೇ ಇರುತ್ತದೆ.

ಈಗ ನನ್ನ ಹತ್ತಿರ ಇರುವುದು ಸ್ಟಿಲ್ ಕಂಪನಿಯ ಎಂಎಸ್ 180. 31.8 ಸಿಸಿ, 14 ಇಂಚಿನ ಬಾರ್. ಅದೇ ಕಾಂಟಾದಲ್ಲಿ, ಎಲ್ಲ ತುಂಬಿಸಿ, 5.2 ಕೆಜಿ. ಇದರ ತಮ್ಮ ಎಂಎಸ್ 170, 30.1 ಸಿಸಿ, ತೂಕದಲ್ಲಿ ಹೆಚ್ಚು ಕಮ್ಮಿ ಅಷ್ಟೇ. ಬೆಲೆ ನನ್ನ ಹಳೇ ಮಿಷನ್‌ಗಿಂತ ಎರಡು ಪಟ್ಟು ಮೇಲಾಯಿತು. ಇದನ್ನೇ ತಗೊಳ್ಳಿ ಅಂತ ಹೇಳುತ್ತಿಲ್ಲ. ಹುಸ್ಕ್ವಾರ್ನಾ, ಮಕಿಟಾ ಇಟ್ಟುಕೊಂಡು ಆರಾಮಾಗಿ ಇರುವವರೂ ಇದ್ದಾರೆ. 30ರಿಂದ 38 ಸಿಸಿ ಒಳಗೆ, ತುಂಬಿದ ತೂಕ ಐದೂವರೆ ಕೆಜಿ ದಾಟದಂತೆ ನೋಡಿಕೊಂಡರೆ ಹೆಸರು ಯಾವುದಾದರೂ ಸರಿ. ಒಂದು ಷರತ್ತು ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ಅಂಗಡಿಯಲ್ಲಿ ಸುಮ್ನೆ ಎತ್ತಿ ನೋಡಿ "ಹಗುರ ಇದೆ" ಅನ್ನಬೇಡಿ. ಎರಡೂ ಕೈಯಲ್ಲಿ ಹಿಡಿದು ಸೊಂಟದ ಎತ್ತರದಲ್ಲಿ ಎರಡು ನಿಮಿಷ ನಿಲ್ಲಿ. ಅಂಗಡಿಯವರು ನಗಬಹುದು, ನಗಲಿ. ಆಮೇಲೆ ಮುಂದಿನ ಹಿಡಿಯನ್ನು ಎಡಗೈಯಲ್ಲಿ ಮಾತ್ರ ಹಿಡಿದು ಬಲಗೈ ತೆಗೆಯಿರಿ. ಮೂತಿ ನೆಲಕ್ಕೆ ಧುಮುಕಿದರೆ ದಿನವಿಡೀ ಅದನ್ನು ಮೇಲೆತ್ತುವ ಕೆಲಸ ನಿಮ್ಮ ಮಣಿಕಟ್ಟಿನದು. ಮಿಷನ್ ತಕ್ಕಡಿ ಹಾಗೆ ಸಮವಾಗಿ, ಮೂತಿ ಒಂಚೂರು ಕೆಳಗೆ ನಿಂತರೆ ಒಳ್ಳೆಯದು. ಅಡ್ಡಕ್ಕೆ ಹೊರಳಿಸಿ ನೋಡಿ. ಮುಂದಿನ ಹಿಡಿ ಪಕ್ಕಕ್ಕೂ ಸುತ್ತಿ ಬಂದಿರುತ್ತದೆ. ನಿಂತ ಗೆಲ್ಲು ಅಡ್ಡ ಕುಯ್ಯುವಾಗ ಕೈ ಅಲ್ಲಿಗೆ ಜಾರಬೇಕು.

ಬ್ರೇಕ್ ಪರೀಕ್ಷೆ ಅಲ್ಲೇ ಮಾಡಿ. ಇಂಜಿನ್ ಆಫ್ ಇರುವಾಗ ಮುಂದಿನ ಗಾರ್ಡ್ ಅನ್ನು ಬಾರ್ ಕಡೆಗೆ ತಳ್ಳಿದರೆ ಟಕ್ ಅಂತ ಕೂರಬೇಕು, ಚೈನ್ ಎಳೆದರೂ ಜಗ್ಗಬಾರದು. ಹಿಡಿ ಮತ್ತು ಇಂಜಿನ್ ನಡುವೆ ಸ್ಪ್ರಿಂಗ್ ಇದೆಯೋ, ರಬ್ಬರ್ ಇದೆಯೋ, ಏನೂ ಇಲ್ಲವೋ ಬಗ್ಗಿ ನೋಡಿ. ಏನೂ ಇಲ್ಲದ್ದು ಬೇಡವೇ ಬೇಡ. ಅರ್ಧ ಗಂಟೆಗೆ ಬೆರಳು ಜೋಮು ಹಿಡಿಯುತ್ತದೆ. ಸ್ಟಾರ್ಟ್ ಮಾಡಿಸಿ. ಬಿಸಿಯಾದ ಮೇಲೆ ಆಫ್ ಮಾಡಿ ಮತ್ತೆ ನೀವೇ ಹಗ್ಗ ಎಳೆಯಿರಿ. ಗೆಲ್ಲು ಸವರುವವರು ದಿನಕ್ಕೆ ಇಪ್ಪತ್ತು ಸಲ ಎಳೆಯಬೇಕಾಗುತ್ತದೆ. ಎಳೆಯುವುದು ನೆಲದ ಮೇಲಿಟ್ಟು, ಬ್ರೇಕ್ ಹಾಕಿ, ಹಿಂದಿನ ಹಿಡಿಯೊಳಗೆ ಬಲಗಾಲಿನ ಬೂಟು ತೂರಿಸಿ. ಗಾಳಿಯಲ್ಲಿ ಜೋತಾಡಿಸಿ ಎಳೆಯುವುದು ನೋಡಲಿಕ್ಕೆ ಚೆಂದ, ಅಷ್ಟೇ.

ಅಂಗಡಿಯಲ್ಲಿ ಒಂದು ಪುಟ್ಟ ಮಿಷನ್ ಕಣ್ಣಿಗೆ ಬೀಳುತ್ತದೆ. ಹಿಡಿ ಹಿಂದೆ ಇರುವುದಿಲ್ಲ, ಇಂಜಿನ್ ಮೇಲೇ ಇರುತ್ತದೆ. ಬಾರ್ ಬಿಟ್ಟರೆ ಮೂರು ಮೂರೂವರೆ ಕೆಜಿ. ಆಸೆ ಆಗುತ್ತದೆ, ನನಗೂ ಆಗಿತ್ತು. ಅದು ಹಗ್ಗ ಕಟ್ಟಿಕೊಂಡು ಮರದ ಮೇಲೆ ಕೆಲಸ ಮಾಡುವ ಪಳಗಿದವರಿಗೆ ಮಾಡಿದ್ದು. ನೆಲದ ಮೇಲೆ ಅದನ್ನು ಒಂದೇ ಕೈಯಲ್ಲಿ ಹಿಡಿಯುವ ಚಪಲ ಬರುತ್ತದೆ, ಇನ್ನೊಂದು ಕೈ ಗೆಲ್ಲು ಹಿಡಿಯಲು ಹೋಗುತ್ತದೆ. ಮುಂದಿನದು ಹೇಳಬೇಕಿಲ್ಲ ಅಲ್ವಾ.

ಬ್ಯಾಟರಿಯದ್ದು? ತಂಗಿ ಮಗ ಆರು ಇಂಚಿನ ಬಾರ್ ಇರುವ ಒಂದು ತಂದಿದ್ದಾನೆ. ಒಂದೂವರೆ ಕೆಜಿ ಬರಬಹುದು. ಮೂರು ಇಂಚಿನ ತನಕ ಬೆಣ್ಣೆ ಹಾಗೆ ಕುಯ್ಯುತ್ತದೆ, ಆಮೇಲೆ ಏದುಸಿರು. ಕಾಫಿ ಗಿಡ, ನಿಂಬೆ ಗಿಡ ಸವರಲು ಹೇಳಿ ಮಾಡಿಸಿದ್ದು. ದೊಡ್ಡ ಬ್ಯಾಟರಿ ಮಿಷನ್‌ಗಳು ಚೆನ್ನಾಗಿವೆ, ಹೊಗೆ ಇಲ್ಲ, ಸದ್ದು ಕಡಿಮೆ. ಆದರೆ ಒಂದು ದಿನದ ಕೆಲಸಕ್ಕೆ ಎರಡು ಮೂರು ಬ್ಯಾಟರಿ ಬೇಕು, ಆ ಬ್ಯಾಟರಿಯ ಬೆಲೆ ಕೇಳಿ ನಾನು ವಾಪಸ್ ಬಂದೆ. ವೈರ್ ಎಳೆಯುವ ಕರೆಂಟ್ ಮಿಷನ್ ಅಂಗಳಕ್ಕೆ ಸರಿ, ಗುಡ್ಡಕ್ಕಲ್ಲ. ಇನ್ನು ಹೆಬ್ಬೆರಳು ದಪ್ಪದ ಗೆಲ್ಲಿಗೆ ಯಾವ ಮಿಷನ್ನೂ ಬೇಡ. ಸಣ್ಣ ಕಡ್ಡಿ ಚೈನಿಗೆ ಸಿಕ್ಕಿ ಚಾವಟಿ ಹಾಗೆ ಹೊಡೆಯುತ್ತದೆ. ಅದಕ್ಕೆ ಕತ್ತಿಯೇ ಸರಿ.

ಚೈನ್ ವಿಷಯಕ್ಕೆ ಬರೋಣ. ಹಗುರದ ಮಿಷನ್‌ಗೆ ಸಾಮಾನ್ಯವಾಗಿ ಬರುವುದು 3/8 ಲೋ ಪ್ರೊಫೈಲ್ ಚೈನ್. ಕೊಂಡ ದಿನವೇ ಪಿಚ್ (ಕೊಂಡಿಗಳ ಅಂತರ; ಈ 3/8 ಅಂದರೆ ಇಂಚಿನಲ್ಲಿ ಅದೇ), ಗೇಜ್ (ಬಾರ್‌ನ ಸೀಳಿನಲ್ಲಿ ಕೂರುವ ಹಲ್ಲಿನ ದಪ್ಪ), ಆ ಕೆಳಗಿನ ಹಲ್ಲುಗಳ ಲೆಕ್ಕ ಮೂರನ್ನೂ ಬರೆದಿಟ್ಟುಕೊಳ್ಳಿ. ನನ್ನದಕ್ಕೆ 50 ಹಲ್ಲು. "14 ಇಂಚಿನದು ಕೊಡಿ" ಅಂತಷ್ಟೇ ಕೇಳಿ ಒಮ್ಮೆ .325 ಪಿಚ್‌ನ ಚೈನ್ ತಂದು, ಅದು ಚೈನ್ ತಿರುಗಿಸುವ ಹಲ್ಲುಚಕ್ರದ (ಸ್ಪ್ರಾಕೆಟ್) ಮೇಲೆ ಕೂರದೆ, ಬಸ್ಸಿನ ದುಡ್ಡು ದಂಡವಾಯಿತು. ಹರಿತ ಮಾಡಲು 4 ಮಿಮೀ ದುಂಡು ಅರ ಬೇಕು, ಅದನ್ನು ಮಿಷನ್ ಜೊತೆಗೇ ಕೊಳ್ಳಿ. ಚೈನ್ ಮೊಂಡಾದರೆ ಹಗುರದ ಮಿಷನ್ ಯಾವುದಕ್ಕೂ ಬರಲ್ಲ. ದೊಡ್ಡ ಇಂಜಿನ್ ಮೊಂಡು ಚೈನನ್ನೂ ಎಳೆದುಕೊಂಡು ಹೋಗುತ್ತದೆ, ಚಿಕ್ಕದಕ್ಕೆ ಆ ತಾಕತ್ತಿಲ್ಲ. ಪುಡಿ ನೋಡಿದರೆ ಗೊತ್ತಾಗುತ್ತದೆ. ಅವಲಕ್ಕಿ ಹಾಗೆ ಚಕ್ಕೆ ಚಕ್ಕೆ ಬರುತ್ತಿದ್ದರೆ ಹರಿತ. ಅರಿಶಿನ ಪುಡಿ ಹಾಗೆ ಬಂದರೆ ನಿಲ್ಲಿಸಿ ಅರ ಹಿಡಿಯಿರಿ. ನಮ್ಮಲ್ಲಿ ಗೆದ್ದಲು ಹತ್ತಿದ ತೊಗಟೆ ಜಾಸ್ತಿ, ಆ ಮಣ್ಣೇ ಚೈನಿಗೆ ಶತ್ರು. ಕತ್ತಿಯ ಹಿಂಬದಿಯಿಂದ ಕೆರೆದು ಆಮೇಲೆ ಕುಯ್ಯುತ್ತೇನೆ. ಹಲಸಿನ ಗೆಲ್ಲಾದರೆ ಮೇಣ ಮೆತ್ತಿಕೊಳ್ಳುತ್ತದೆ, ಹಣ್ಣು ಹೆಚ್ಚುವ ಮುಂಚೆ ಕೈಗೆ ಸವರಿಕೊಳ್ಳುವ ಕೊಬ್ಬರಿ ಎಣ್ಣೆಯಲ್ಲೇ ಬಾರ್ ಒರೆಸಿದರೆ ಬಿಡುತ್ತದೆ.

ಬಾರ್‌ಗೆ ಹಳೇ ಇಂಜಿನ್ ಆಯಿಲ್ ಸುರಿಯುವವರು ಊರ ತುಂಬ ಇದ್ದಾರೆ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಪಂಪ್ ತಿನ್ನುತ್ತದೆ, ಸಾಲದ್ದಕ್ಕೆ ನಮ್ಮ ಮುಖಕ್ಕೇ ಸಿಡಿಯುತ್ತದೆ. ಆಯಿಲ್ ಬರುತ್ತಿದೆಯೋ ಇಲ್ಲವೋ ನೋಡಲು ಮೂತಿಯನ್ನು ಬಿಳಿ ಕುಯ್ದ ಬೊಡ್ಡೆಯ ಎದುರು, ತಾಗದಂತೆ ಹಿಡಿದು ಜೋರು ಓಡಿಸಿ. ಒಂದು ಎಣ್ಣೆ ಗೆರೆ ಮೂಡಬೇಕು.

ಹಗುರದ ಮಿಷನ್ ಆದರೂ ಪೂರ್ತಿ ಭಾರ ಕೈಮೇಲೆ ಹಾಕಿಕೊಳ್ಳಬೇಡಿ. ಬಿದ್ದ ಮರದ ಎಡಗಡೆ ನಿಂತು, ಬುಡದಿಂದ ತುದಿ ಕಡೆಗೆ ಹೋಗುತ್ತ, ಮಿಷನ್ ಅನ್ನು ಬೊಡ್ಡೆ ಮೇಲೆ ಒರಗಿಸಿ ಜಾರಿಸಿಕೊಂಡು ಹೋಗಿ. ಬೊಡ್ಡೆ ನಿಮ್ಮ ಕಾಲಿಗೂ ಚೈನಿಗೂ ನಡುವೆ ಇರಲಿ. ಕೆಳಗೆ ನೆಲಕ್ಕೆ ಒತ್ತಿ ಬಿಲ್ಲಿನ ಹಾಗೆ ಬಾಗಿದ ಗೆಲ್ಲು ಸಿಕ್ಕರೆ ತಕ್ಷಣ ಕೈ ಹಾಕಬೇಡಿ. ಒಳಬಾಗಿನ ಕಡೆ ಸ್ವಲ್ಪ ಸ್ವಲ್ಪವೇ ಕೆರೆದು ಬಿಗಿ ಇಳಿಸಬೇಕು. ಹೊರಬಾಗಿನಲ್ಲಿ ಒಮ್ಮೆಗೇ ಕುಯ್ದರೆ ಸಿಡಿದು ಎದೆಗೇ ಬರುತ್ತದೆ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು ಖಂಡಿತ ಇರಲಿ. ಈ ಪುಟ್ಟ ಮಿಷನ್ನೂ ಸುಮಾರು 100 ಡೆಸಿಬಲ್ ಸದ್ದು ಮಾಡುತ್ತದೆ. ಲುಂಗಿ ಉಟ್ಟು ಚೈನ್ ಸಾ ಹಿಡಿದವರನ್ನು ನೋಡಿದ್ದೇನೆ. ನೋಡುವುದಕ್ಕೇ ಭಯ.

ಆಗ ಹೇಳಿದ ಷರತ್ತು ಇದು: ಮಿಷನ್ ರಿಪೇರಿ ಮಾಡುವವರು ನಿಮ್ಮ ತಾಲೂಕಿನಲ್ಲೋ ಪಕ್ಕದ ತಾಲೂಕಿನಲ್ಲೋ ಇರಬೇಕು. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲಿ ಒಂದು ಚೈನ್, ಒಂದು ಏರ್ ಫಿಲ್ಟರ್, ಕಾರ್ಬೊರೇಟರ್ ಡಯಾಫ್ರಂ (ಒಳಗಿನ ತೆಳು ರಬ್ಬರ್ ಪೊರೆ) ಕೇಳಿ. ಕಪಾಟಿನಿಂದ ತೆಗೆದು ಕೌಂಟರ್ ಮೇಲೆ ಇಟ್ಟರೆ ಕೊಳ್ಳಿ. "ತರಿಸಿ ಕೊಡ್ತೀವಿ ಸಾರ್" ಅಂದರೆ ಕಾಫಿ ಕುಡಿದು ಬನ್ನಿ.

ಡಯಾಫ್ರಂ ಯಾಕೆಂದರೆ, ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ. 20 ಪರ್ಸೆಂಟ್ ಎಥನಾಲ್‌ನ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಆದದ್ದು. ಎಥನಾಲ್ ನೀರು ಹೀರುತ್ತದೆ, ನಮ್ಮ ಮಳೆಗಾಲದ ಹವೆಯಲ್ಲಿ ಕೇಳಲೇಬೇಡಿ. ಟ್ಯಾಂಕಿನಲ್ಲಿ ಬಿಟ್ಟರೆ ರಬ್ಬರ್ ಭಾಗಗಳು ಗಟ್ಟಿಯಾಗುತ್ತವೆ. ಒಂದು ಲೀಟರ್‌ಗೆ 20 ಎಂಎಲ್ ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ನನ್ನ ಲೆಕ್ಕ, ನಿಮ್ಮ ಮಿಷನ್ ಪುಸ್ತಕ ಏನು ಹೇಳುತ್ತದೋ ಅದನ್ನೇ ಹಾಕಿ. ಒಂದೆರಡು ವಾರಕ್ಕೆ ಆಗುವಷ್ಟೇ ಕಲಸಿಕೊಳ್ಳಿ. ಕಟ್ಟಿಗೆ ಒಟ್ಟಿ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ಆರುವ ತನಕ ಓಡಿಸಿ, ಬಾರ್ ಬಿಚ್ಚಿ ಒರೆಸಿ, ಒಲೆ ಶಾಖ ತಾಗದ, ಆದರೆ ಒಣಗಿರುವ ಜಾಗದಲ್ಲಿ ಇಡಿ. ನಮ್ಮನೆಯಲ್ಲಿ ಅಂಥ ಜಾಗ ಇರುವುದು ಅಕ್ಕಿ ಡಬ್ಬದ ಪಕ್ಕ ಒಂದೇ. ಅದಕ್ಕೂ ಒಂದು ಮಾತು ಕೇಳಿಸಿಕೊಂಡಿದ್ದೇನೆ.